ಪೀಠದ ಬರಹದಲ್ಲಿ ಶಿಲ್ಪಿಯ ಹೆಸರು ಏಕಿಲ್ಲ?

ಪ್ರತಿ ವರ್ಷ ಜನವರಿ 1ರಂದು ರಾಜ್ಯ ಸರ್ಕಾರ ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನವನ್ನು ಆಚರಿಸುತ್ತದೆ. ಭಾವಚಿತ್ರಕ್ಕೆ ಹಾರ, ಒಂದೆರಡು ಭಾಷಣ, ಕೆಲವು ಹಿರಿಯ ಶಿಲ್ಪಿಗಳಿಗೆ ಶಾಲು. ಇದು ಒಳ್ಳೆಯದೇ. ಆದರೆ ಬೇಲೂರಿನ ಶಿಲ್ಪಗಳ ಅಡಿಯಲ್ಲಿ ಶಿಲ್ಪಿಗಳೇ ಕೆತ್ತಿಕೊಂಡಿರುವ ಹೆಸರುಗಳಲ್ಲಿ ಜಕಣಾಚಾರಿ ಎಂಬ ಹೆಸರು ಸಿಗುವುದಿಲ್ಲ. ಅಲ್ಲಿ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಇವರಲ್ಲಿ ಕೆಲವರು ತಮ್ಮ ಊರು, ತಂದೆಯ ಹೆಸರು, ಬಿರುದುಗಳನ್ನೂ ಸೇರಿಸಿ ಕೆತ್ತಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೂ ಜನರ ಬಾಯಲ್ಲಿ ಬಂದದ್ದು ಜಕಣಾಚಾರಿ ಕಥೆಯೇ. ಕಲ್ಲಿನ ಮೇಲೆ ಬರೆದಿಟ್ಟ ಹೆಸರುಗಳನ್ನು ಕೇಳಿದವರು ಕಡಿಮೆ.

ಜೈನ ಸಮಾಜದಲ್ಲಿಯೂ ಸ್ಥಿತಿ ಬೇರೆಯಾಗಿಲ್ಲ. ಹೊಸ ಬಸದಿಗಳು ಆಗುತ್ತಿವೆ, ಹಳೆಯವು ಜೀರ್ಣೋದ್ಧಾರಗೊಳ್ಳುತ್ತಿವೆ, ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವಗಳು ನಡೆಯುತ್ತಿವೆ. ಇಂಥ ಯಾವುದೇ ಮಹೋತ್ಸವದ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿದರೆ ಪೂಜ್ಯ ಮುನಿಗಳು, ಭಟ್ಟಾರಕರು, ಪ್ರತಿಷ್ಠಾಚಾರ್ಯರು, ಸೌಧರ್ಮ ಇಂದ್ರ-ಇಂದ್ರಾಣಿಯರಾಗುವವರು, ಮಹಾದಾನಿಗಳು, ಶಾಸಕರು, ಪೆಂಡಾಲಿನವರು, ಕೆಲವೊಮ್ಮೆ ಅಡುಗೆಯವರ ಹೆಸರೂ ಇರುತ್ತದೆ. ಮೂರ್ತಿಯನ್ನು ಕಡೆದವನ ಹೆಸರು ಮಾತ್ರ ಹೆಚ್ಚಿನ ಕಡೆ ಇರುವುದಿಲ್ಲ. ಬಿಂಬದ ಪೀಠದ ಬರಹದಲ್ಲಿಯೂ ವೀರ ನಿರ್ವಾಣ ಸಂವತ್ಸರ, ತಿಥಿ, ದಾನಿಯ ಮನೆತನ ಇರುತ್ತವೆ. ಶಿಲ್ಪಿ ಅಡ್ವಾನ್ಸ್ ಪಡೆದು, ಕೆಲಸ ಮುಗಿಸಿ, ಲಾರಿಗೆ ಮೂರ್ತಿಯನ್ನು ಏರಿಸಿ, ಬಾಕಿ ಹಣ ತೆಗೆದುಕೊಂಡು ಹೋಗುವ ವ್ಯಾಪಾರಿಯಂತೆ ಮರೆಯಾಗುತ್ತಾನೆ.

ಇದಕ್ಕೆ ಹಳೆಯ ಪರಂಪರೆಯ ಆಧಾರವೂ ಇದೆ ಎಂದು ಹೇಳಬಹುದು. ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟೇಶ್ವರನ ಪಾದದ ಬಳಿಯ ಶಾಸನಗಳು ಮಾಡಿಸಿದವನು ಚಾವುಂಡರಾಯ ಎಂದು ಹೇಳುತ್ತವೆ, ಸುತ್ತಾಲಯ ಮಾಡಿಸಿದವನು ಗಂಗರಾಜ ಎಂದು ಹೇಳುತ್ತವೆ. ಮಾಡಿದವನು ಯಾರು ಎಂದು ಹೇಳುವುದಿಲ್ಲ. ಅರಿಷ್ಟನೇಮಿ ಎಂಬ ಹೆಸರು ಪರಂಪರೆಯಿಂದ ಕೇಳಿಬರುತ್ತದೆ, ಆದರೆ ಆ ಪಾದದ ಬಳಿ ಇಲ್ಲ. ಕಾರ್ಕಳದ 42 ಅಡಿಯ ಮೂರ್ತಿಗೆ 1432ರ ವೀರಪಾಂಡ್ಯ ಭೈರರಸನ ಹೆಸರಿದೆ. ವೇಣೂರಿನ 35 ಅಡಿಯ ಮೂರ್ತಿಗೆ 1604ರ ತಿಮ್ಮಣ್ಣ ಅಜಿಲನ ಹೆಸರಿದೆ. ಮಾಡಿಸಿದವನಿಗೆ ಪುಣ್ಯ, ಮಾಡಿದವನಿಗೆ ಕೂಲಿ ಎಂಬ ಲೆಕ್ಕ ಸಾವಿರ ವರ್ಷದಿಂದ ನಡೆದು ಬಂದಿದೆ.

ಆದರೆ ಅದೇ ಬೆಳಗೊಳದಲ್ಲಿ ಇನ್ನೊಂದು ಸಾಕ್ಷಿಯೂ ಇದೆ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ ಜಾಲಂಧ್ರಗಳಿವೆ. ಯಾತ್ರಿಕರು ಹೆಚ್ಚಾಗಿ ದೊಡ್ಡಬೆಟ್ಟ ಹತ್ತಿ ಇಳಿದು ಊಟಕ್ಕೆ ಹೊರಡುವುದರಿಂದ ಇವನ್ನು ನಿಂತು ನೋಡಿದವರು ಕಡಿಮೆ. ಅಲ್ಲಿ ದಾಸೋಜ ಎಂಬ ಹೆಸರು ಕೆತ್ತಲಾಗಿದೆ. ಬೇಲೂರಿನ ದಾಸೋಜನೇ ಇವನು ಎಂದು ವಿದ್ವಾಂಸರು ಊಹಿಸಿದ್ದಾರೆ. ಅಂದರೆ ಬಸದಿಯಲ್ಲಿ ಶಿಲ್ಪಿಯ ಹೆಸರು ಬರೆಯಬಾರದು ಎಂಬ ನಿಷೇಧ ಆ ಕಾಲದಲ್ಲಿ ಇರಲಿಲ್ಲ.

ಮೂರ್ತಿಯನ್ನು ಕಲೆಯಾಗಿ ಅಳೆಯುವ ದೃಷ್ಟಿಯೂ ಆಗ ಇತ್ತು. ಸುಮಾರು 1180ರಲ್ಲಿ ಬೊಪ್ಪಣ ಪಂಡಿತ ಗೊಮ್ಮಟನ ಬಗ್ಗೆ ಬರೆದ ಶಾಸನದಲ್ಲಿ ಒಂದು ವಿಚಾರ ಬರುತ್ತದೆ. ಬಹಳ ಎತ್ತರವಾದರೆ ಸೌಂದರ್ಯ ಕಡಿಮೆಯಾಗಬಹುದು, ಎತ್ತರವೂ ಸೌಂದರ್ಯವೂ ಸೇರಿದರೂ ಅತಿಶಯ ಇಲ್ಲದಿರಬಹುದು, ಗೊಮ್ಮಟನಲ್ಲಿ ಮೂರೂ ಕೂಡಿವೆ ಎಂಬುದು ಅವನ ಅಭಿಪ್ರಾಯ. ಎತ್ತರ ಒಂದೇ ಸಾಲದು ಎಂದು ಎಂಟು ನೂರು ವರ್ಷಕ್ಕೂ ಹಿಂದೆ ಒಬ್ಬ ಕವಿ ತಿಳಿದಿದ್ದ. ಇಂದು ಮೂರ್ತಿಯ ಸುದ್ದಿ ಅಡಿಗಳಿಂದಲೇ ಶುರುವಾಗುತ್ತದೆ. 2016ರಲ್ಲಿ ಮಹಾರಾಷ್ಟ್ರದ ಮಾಂಗಿತುಂಗಿಯಲ್ಲಿ 108 ಅಡಿಯ ಋಷಭದೇವರ ಮೂರ್ತಿ ಪ್ರತಿಷ್ಠೆಯಾಯಿತು, ಗಿನ್ನೆಸ್ ದಾಖಲೆಯೂ ಆಯಿತು. ಅದು ದೊಡ್ಡ ಸಾಧನೆ, ಬೆಟ್ಟದ ಬಂಡೆಯಲ್ಲಿ ಅಷ್ಟು ದೊಡ್ಡ ಕೆಲಸ ಮಾಡುವುದು ಸುಲಭವಲ್ಲ. ಆದರೆ ಅದರ ಬಗ್ಗೆ ಮಾತನಾಡುವವರಲ್ಲಿ ಎಷ್ಟು ಜನ ಮೂರ್ತಿಯ ಮುಖದ ಬಗ್ಗೆ ಮಾತನಾಡುತ್ತಾರೆ?

ಜಿನಬಿಂಬದ ವಿಷಯದಲ್ಲಿ ಮುಖವೇ ಮುಖ್ಯ. ಶಿಲ್ಪಿಗೆ ಇಲ್ಲಿ ಆಭರಣವಿಲ್ಲ, ವಸ್ತ್ರವಿಲ್ಲ, ಆಯುಧವಿಲ್ಲ. ನಿಂತರೆ ಕಾಯೋತ್ಸರ್ಗ, ಕುಳಿತರೆ ಪದ್ಮಾಸನ. ಅಳತೆ ಶಾಸ್ತ್ರದಲ್ಲಿ ನಿಗದಿಯಾಗಿದೆ. ಎಲ್ಲವೂ ಒಂದೇ ತರಹ, ಇದರಲ್ಲಿ ಕಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅಂಥವರು ಬೆಳಗೊಳ, ಕಾರ್ಕಳ, ವೇಣೂರು ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕು. ಮೂವರೂ ಬಾಹುಬಲಿಯೇ, ಮೈಗೆ ಹಬ್ಬಿದ ಬಳ್ಳಿಯೂ ಇದೆ. ಬೆಳಗೊಳದ ತುಟಿಯಂಚಿನ ನಗು ಕಾರ್ಕಳದಲ್ಲಿ ಇಲ್ಲ, ಅಲ್ಲಿ ಗಾಂಭೀರ್ಯ ಹೆಚ್ಚು. ವೇಣೂರಿನಲ್ಲಿ ಕೆನ್ನೆಯಲ್ಲಿ ಗುಳಿ ಬೀಳುವಂತೆ ನಗು ಮತ್ತೆ ಬರುತ್ತದೆ. ನಿಯಮ ಒಂದೇ ಆಗಿದ್ದರೂ ಕೈ ಬೇರೆ ಬೇರೆ. ಉಳಿಗೆ ಸಿಕ್ಕಿದ ಅಂಗೈಯಷ್ಟು ಜಾಗದಲ್ಲಿ ಇಷ್ಟು ವ್ಯತ್ಯಾಸ ತರುವುದು ಕಲೆಯಲ್ಲದಿದ್ದರೆ ಮತ್ತೇನು?

ಧರ್ಮಸ್ಥಳದ ವಿಷಯದಲ್ಲಿ ಮಾತ್ರ ಜನರಿಗೆ ಶಿಲ್ಪಿಯ ಹೆಸರು ಗೊತ್ತಿದೆ. 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕೆತ್ತಿದವರು ರೆಂಜಾಳ ಗೋಪಾಲ ಶೆಣೈ. ಕಾರ್ಕಳದಿಂದ ಧರ್ಮಸ್ಥಳಕ್ಕೆ ಮೂರ್ತಿ ಸಾಗಿದ ದಿನಗಳನ್ನು ಕರಾವಳಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಶೆಣೈಯವರು ಜೈನರಲ್ಲ. ಆದರೂ ಅವರ ಹೆಸರು ಮೂರ್ತಿಯ ಜೊತೆಗೇ ಉಳಿದಿದೆ. ಹೆಸರು ಉಳಿದದ್ದರಿಂದ ದಾನಿಗಳ ಗೌರವವಾಗಲಿ ಕ್ಷೇತ್ರದ ಮಹಿಮೆಯಾಗಲಿ ಕಡಿಮೆಯಾಗಿಲ್ಲ.

ಇತ್ತೀಚಿನ ದೊಡ್ಡ ಉದಾಹರಣೆ ಅಯೋಧ್ಯೆ. ರಾಮಮಂದಿರಕ್ಕಾಗಿ ಮೂವರು ಶಿಲ್ಪಿಗಳು ಮೂರು ಬಾಲರಾಮ ಮೂರ್ತಿಗಳನ್ನು ಮಾಡಿದರು. ಮೈಸೂರಿನ ಅರುಣ್ ಯೋಗಿರಾಜ್ ಮತ್ತು ಹೊನ್ನಾವರ ಕಡೆಯ ಗಣೇಶ್ ಭಟ್ ಕಪ್ಪು ಶಿಲೆಯಲ್ಲಿ, ರಾಜಸ್ಥಾನದ ಸತ್ಯನಾರಾಯಣ ಪಾಂಡೆ ಬಿಳಿ ಅಮೃತಶಿಲೆಯಲ್ಲಿ. ಟ್ರಸ್ಟ್ ಯೋಗಿರಾಜರ 51 ಅಂಗುಲದ ಮೂರ್ತಿಯನ್ನು ಆಯ್ಕೆ ಮಾಡಿತು. 2024ರ ಜನವರಿ 22ರ ನಂತರ ಅವರ ಹೆಸರು ಮನೆಮನೆಗೆ ತಲುಪಿತು. ಅದಕ್ಕೂ ಮೊದಲೇ ಅವರು ಕೇದಾರನಾಥದ ಶಂಕರಾಚಾರ್ಯರ ಮೂರ್ತಿಯನ್ನೂ ದೆಹಲಿಯ ಇಂಡಿಯಾ ಗೇಟ್ ಬಳಿಯ 28 ಅಡಿಯ ನೇತಾಜಿ ಪ್ರತಿಮೆಯನ್ನೂ ಮಾಡಿದ್ದರು. ಆಗ ಇಷ್ಟು ಜನ ಹೆಸರು ಕೇಳಿರಲಿಲ್ಲ. ಇನ್ನಿಬ್ಬರ ಕೆಲಸವೂ ಕೊನೆಯ ಸುತ್ತಿಗೆ ಬಂದದ್ದೇ, ಆದರೆ ಅವರ ಹೆಸರನ್ನು ಈಗ ಹುಡುಕಿ ತೆಗೆಯಬೇಕು. ಕೈಚಳಕ ನೋಡಿ ಜನ ಹೆಸರು ಕೊಡಲಿಲ್ಲ, ಮೂರ್ತಿ ಹೋಗಿ ನಿಂತ ಜಾಗ ನೋಡಿ ಕೊಟ್ಟರು. ಆದರೂ ಒಬ್ಬ ಶಿಲ್ಪಿಯ ಹೆಸರು ಇಡೀ ದೇಶಕ್ಕೆ ಗೊತ್ತಾಯಿತು ಎಂಬುದು ಸಣ್ಣ ಬದಲಾವಣೆಯಲ್ಲ.

ಸರ್ಕಾರದ ಲೆಕ್ಕ ಇನ್ನೂ ವಿಚಿತ್ರವಾಗಿದೆ. ರಾಜ್ಯದಲ್ಲಿ ಲಲಿತಕಲಾ ಅಕಾಡೆಮಿ ಬೇರೆ, ಶಿಲ್ಪಕಲಾ ಅಕಾಡೆಮಿ ಬೇರೆ. ಸಾಂಪ್ರದಾಯಿಕ ಶಿಲ್ಪಿಗಳಿಗೆ ತಮ್ಮದೇ ವೇದಿಕೆ ಸಿಕ್ಕಿತು ಎಂಬುದು ಲಾಭ. ಗ್ಯಾಲರಿಯಲ್ಲಿ ಇಡುವುದು ಕಲೆ, ಗರ್ಭಗುಡಿಗೆ ಹೋಗುವುದು ಕಸುಬು ಎಂಬ ಗೆರೆ ಗಟ್ಟಿಯಾಯಿತು ಎಂಬುದು ನಷ್ಟ. ಕೇಂದ್ರದ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ನೂರು ವರ್ಷ ಆಗದಿದ್ದನ್ನು ಸರ್ಕಾರ ಕಲಾನಿಧಿ ಎಂದು ಘೋಷಿಸಬಹುದು, ಆದರೆ ಮಾಡಿದವರು ಬದುಕಿರುವಾಗ ಘೋಷಿಸುವಂತಿಲ್ಲ. ಹಾಗೆ ಘೋಷಣೆಯಾದದ್ದು ಒಂಬತ್ತು ಕಲಾವಿದರ ಕೃತಿಗಳು: ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ರವೀಂದ್ರನಾಥ, ಅವನೀಂದ್ರನಾಥ ಮತ್ತು ಗಗನೇಂದ್ರನಾಥ ಟಾಗೋರರು, ನಿಕೋಲಸ್ ರೋರಿಕ್, ಶೈಲೋಜ್ ಮುಖರ್ಜಿ. ಒಂಬತ್ತೂ ಜನ ಹೆಸರಾದದ್ದು ಚಿತ್ರಗಳಿಂದ. ಕಲ್ಲು, ಲೋಹದಲ್ಲಿ ಬಾಳು ಸವೆಸಿದ ಶಿಲ್ಪಿ ಒಬ್ಬನೂ ಆ ಪಟ್ಟಿಯಲ್ಲಿಲ್ಲ.

ತೆರಿಗೆಯ ವಿಷಯ ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತದೆ. ಕಲ್ಲು, ಅಮೃತಶಿಲೆ, ಮರದ ದೇವರ ಮೂರ್ತಿಗೆ 2018ರ ಜುಲೈನಿಂದ ಜಿಎಸ್‌ಟಿ ಇಲ್ಲ. ಅದೇ ಶಿಲ್ಪಿ ಅದೇ ಕಲ್ಲಿನಲ್ಲಿ ಆನೆ ಮಾಡಿದರೆ ತೆರಿಗೆ ಇದೆ. ಲೋಹದ ಮೂರ್ತಿ ಆ ವಿನಾಯಿತಿಯಲ್ಲಿ ಸೇರಿಲ್ಲ. ಕೈ ಒಂದೇ, ಬಿಲ್ಲು ಮಾತ್ರ ಬೇರೆ. ಇಂಥ ಜಗಳ ಹೊರದೇಶದಲ್ಲಿಯೂ ನಡೆದಿದೆ. 1926ರಲ್ಲಿ ಬ್ರಾಂಕೂಸಿ ಎಂಬ ಶಿಲ್ಪಿಯ ಕಂಚಿನ ಹಕ್ಕಿ ನ್ಯೂಯಾರ್ಕ್ ಬಂದರಿಗೆ ಬಂದಾಗ, ರೆಕ್ಕೆ ಕೊಕ್ಕು ಕಾಣದ ಇದು ಶಿಲ್ಪವಲ್ಲ, ಲೋಹದ ಸಾಮಾನು ಎಂದು ಕಸ್ಟಮ್ಸ್ ಅಧಿಕಾರಿಗಳು ಶೇ 40ರಷ್ಟು ಸುಂಕ ಹಾಕಿದರು. ಕಲಾಕೃತಿಗೆ ಸುಂಕ ಇರಲಿಲ್ಲ. ಎರಡು ವರ್ಷ ವ್ಯಾಜ್ಯ ನಡೆದು 1928ರಲ್ಲಿ ನ್ಯಾಯಾಲಯ ಅದು ಕಲೆಯೇ ಎಂದು ತೀರ್ಪು ಕೊಟ್ಟಿತು.

ಭಾರತದಲ್ಲಿ ಶಿಲ್ಪಿ ಗೆದ್ದ ಪ್ರಕರಣ ಅಮರನಾಥ ಸೆಹಗಲ್ ಅವರದು. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅವರು ಮಾಡಿಕೊಟ್ಟಿದ್ದ ಬೃಹತ್ ಕಂಚಿನ ಶಿಲ್ಪವನ್ನು 1979ರಲ್ಲಿ ದುರಸ್ತಿ ಕಾಲದಲ್ಲಿ ಕಿತ್ತು ಗೋದಾಮಿಗೆ ಹಾಕಿದರು, ಭಾಗಗಳು ಹಾಳಾದವು. ದುಡ್ಡು ಕೊಟ್ಟು ಮಾಡಿಸಿದ್ದು ಸರ್ಕಾರ, ಮಾಲೀಕತ್ವವೂ ಸರ್ಕಾರದ್ದೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಹಣ ಕೊಟ್ಟು ಕೊಂಡ ಮೇಲೂ ಕೃತಿಯ ಮಾನ ಶಿಲ್ಪಿಗೆ ಸಂಬಂಧಿಸಿದ್ದು ಎಂಬುದು ಅದರ ಸಾರ. ಬಸದಿ ಸಮಿತಿಗಳಲ್ಲಿ ಈ ತೀರ್ಪಿನ ಬಗ್ಗೆ ಒಮ್ಮೆ ಮಾತಾಗುವುದು ಒಳ್ಳೆಯದು.

ಏಕೆಂದರೆ ಸಮಸ್ಯೆ ಹೆಸರಿಗೆ ಮುಗಿಯುವುದಿಲ್ಲ. ಭಿನ್ನವಾದ ಬಿಂಬ ಪೂಜೆಗೆ ಸಲ್ಲುವುದಿಲ್ಲ ಎಂಬ ನಿಯಮದಿಂದ ಕೈ ಮುರಿದ, ಮೂಗು ಸವೆದ ಮೂರ್ತಿಗಳು ಬಸದಿಯ ಹಿಂಬದಿಗೆ, ಮರದ ಕೆಳಗೆ ಹೋಗುತ್ತವೆ. ಪೂಜೆ ನಿಂತ ದಿನ ಅದು ದೇವರಲ್ಲ ಸರಿ, ಆದರೆ ಕಲೆ ಎಂದು ನೋಡುವವರೂ ಇಲ್ಲದಿದ್ದರೆ ಅದು ಬರೀ ಕಲ್ಲಾಗುತ್ತದೆ. ಕಳ್ಳನಿಗೆ ಮಾತ್ರ ಅದರ ಬೆಲೆ ಗೊತ್ತು. ಜೀರ್ಣೋದ್ಧಾರ ಎಂದು ಹಳೆಯ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುವುದು, ಕೆತ್ತನೆಯ ಗೋಡೆಗೆ ಟೈಲ್ಸ್ ಹಚ್ಚುವುದು ಕೂಡ ಇದೇ ಕುರುಡುತನದಿಂದ. ಶ್ರದ್ಧೆಯ ಕೊರತೆಯಿಂದಲ್ಲ, ದಾನಿಗಳ ಉತ್ಸಾಹದಿಂದಲೇ ಇಂಥ ಕೆಲಸ ಹೆಚ್ಚು ನಡೆಯುವುದು ಬೇಸರದ ವಿಷಯ. ಹಳೆಯ ಶಿಲ್ಪಗಳನ್ನು ನೋಂದಾಯಿಸಬೇಕೆಂಬ ನಿಯಮ ಕಾಯ್ದೆಯಲ್ಲಿಯೇ ಇದೆ. ಫೋಟೊ, ಅಳತೆ, ಪೀಠದ ಬರಹದ ನಕಲು ಇಲ್ಲದಿದ್ದರೆ ಕಳುವಾದ ಮೂರ್ತಿ ಸಿಕ್ಕರೂ ತಮ್ಮದೆಂದು ತೋರಿಸುವುದು ಕಷ್ಟ.

ವೀತರಾಗ ಬಿಂಬದ ಮೇಲೆ ಶಿಲ್ಪಿಯ ಹೆಸರು ಬರೆದರೆ ಅದು ಅಹಂಕಾರವಾಗುತ್ತದೆ ಎಂಬ ಆಕ್ಷೇಪ ಹಿರಿಯರಿಂದ ಬರಬಹುದು. ದಾನಿಯ ಮೂರು ತಲೆಮಾರಿನ ಹೆಸರು ಬರೆಯುವಾಗ ಈ ಆಕ್ಷೇಪ ಬರುವುದಿಲ್ಲ. ಬಿಂಬದ ಮೇಲೆ ಬೇಡವೆಂದಾದರೆ ಪೀಠದ ಹಿಂಬದಿಯಿದೆ, ಬಸದಿಯ ಗೋಡೆಯ ಫಲಕವಿದೆ, ಸ್ಮರಣ ಸಂಚಿಕೆಯಿದೆ. ಶಿಲ್ಪಿಯ ಹೆಸರು, ಊರು, ಕಲ್ಲು ಎಲ್ಲಿಯದು, ಕೆಲಸ ಶುರುವಾದ ಮತ್ತು ಮುಗಿದ ವರ್ಷ, ಇಷ್ಟಕ್ಕೆ ನಾಲ್ಕು ಸಾಲು ಸಾಕು. ಜೈಪುರದಿಂದ ತರಿಸಿದ ಮೂರ್ತಿಯಾದರೆ ಅಂಗಡಿಯ ಹೆಸರಷ್ಟೇ ಬಿಲ್ಲಿನಲ್ಲಿರುತ್ತದೆ, ಕಡೆದವನು ಯಾರು ಎಂದು ಆರ್ಡರ್ ಕೊಡುವಾಗಲೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಶಿವಾರಪಟ್ಟಣದಲ್ಲಿಯೋ ಕಾರ್ಕಳದಲ್ಲಿಯೋ ಮಾಡಿಸಿದರೆ ಆ ತೊಂದರೆಯೂ ಇಲ್ಲ, ಕೆಲಸ ನಡೆಯುವಾಗ ಹೋಗಿ ನೋಡಬಹುದು, ಮುಖ ಸರಿಬರುವವರೆಗೆ ಶಿಲ್ಪಿಗೆ ಸಮಯವನ್ನೂ ಕೊಡಬಹುದು. ಮುಹೂರ್ತ ಮೊದಲು ನಿಗದಿ ಮಾಡಿ, ಆಮೇಲೆ ಮೂರು ತಿಂಗಳಲ್ಲಿ ಮೂರ್ತಿ ಬೇಕು ಎನ್ನುವ ಈಗಿನ ಕ್ರಮದಲ್ಲಿ ಅದಕ್ಕೆ ಅವಕಾಶವಾಗುವುದಿಲ್ಲ.