ಕೀಲಿ ಹೊಳೆದ್ರೆ ಹೊಳೀಲಿ, ಅಕ್ಷರ ಉಳೀಬೇಕು

ನಾವು ನಾಲ್ಕು ಜನ, ನಾಲ್ಕು ತಾಲೂಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಹಾಸ್ಟೆಲ್ಲಲ್ಲಿ ಒಂದೇ ರೂಮು. ದುಡ್ಡು ಕೂಡಿಸಿ ಒಂದು ಮೆಕ್ಯಾನಿಕಲ್ ಕೀಬೋರ್ಡ್ ತಗೊಳ್ಳೋಣ ಅಂದಾಗ ಜಗಳ ಶುರು ಮಾಡಿದ್ದು ಜಗಳೂರಿನವನೇ. ಕೀಕ್ಯಾಪ್ ಎಬಿಎಸ್ ಇರಬೇಕಾ, ಪಿಬಿಟಿ ಇರಬೇಕಾ?

ಎಬಿಎಸ್ ಅಂದ್ರೆ ಲೆಗೊ ಇಟ್ಟಿಗೆಯ ಪ್ಲಾಸ್ಟಿಕ್. ಅಗ್ಗ, ಅಚ್ಚಿಗೆ ಸುಲಭ, ಬಣ್ಣ ಚೆನ್ನಾಗಿ ಬರುತ್ತೆ. ಆದ್ರೆ ಬೆರಳು ಉಜ್ಜಿ ಉಜ್ಜಿ ಎಣ್ಣೆ ಸವರಿದ ಹಾಗೆ ಹೊಳೆಯೋಕೆ ಶುರುವಾಗುತ್ತೆ. ಪಿಬಿಟಿ ಪಾಲಿಯೆಸ್ಟರ್ ಜಾತಿಯದ್ದು. ಹಲ್ಲುಜ್ಜೋ ಬ್ರಷ್ಷಿನ ಎಳೆಗೂ ಬಳಸ್ತಾರೆ. ಬೇಗ ಸವೆಯಲ್ಲ. ಆದರೆ ಅಚ್ಚಿನಲ್ಲಿ ತಣ್ಣಗಾಗುವಾಗ ಹೆಚ್ಚು ಕುಗ್ಗುತ್ತೆ. ಉದ್ದದ ಸ್ಪೇಸ್‌ಬಾರ್ ಕೆಲವೊಮ್ಮೆ ಸೊಟ್ಟಗಿರುತ್ತೆ.

ಅಷ್ಟರಲ್ಲಿ ರಜೆ ಬಂತು. ಅವರವರ ಊರಲ್ಲಿ ಅರ್ಜಿ ಟೈಪ್ ಮಾಡೋ ಡಿಟಿಪಿ ಅಂಗಡಿಗಳ ಕೀಬೋರ್ಡ್ ನೋಡಿ ಬಂದ್ವಿ. ಅಲ್ಲಿ ಹೊಳಪಿನ ಚಿಂತೆ ಯಾರಿಗೂ ಇಲ್ಲ, ಅಕ್ಷರವೇ ಅಳಿಸಿಹೋಗಿದೆ! ಕನ್ನಡ ಸ್ಟಿಕ್ಕರ್ ಅಂಟಿಸಿದ್ದ ಕಡೆ ಬರೀ ಅಂಟು. ನುಡಿಯಲ್ಲಿರೋ ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಬಂದಾಗೆಲ್ಲ ಎಫ್ ಒತ್ತಬೇಕು. ಆ ಕೀಲಿ ಪೂರ್ತಿ ಬೋಳು. ಅಂಗಡಿಯವರ ಬೆರಳಿಗೆ ಎಲ್ಲ ಗೊತ್ತು. ನಮಗೆ? ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಈ ಲೇಖನವನ್ನೂ ಫೋನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿಯೇ ಬರೆದದ್ದು. ಕೀಲಿ ಮೇಲೆ ಕನ್ನಡ ಕಂಡಿದ್ದರೆ ಯಾವಾಗಲೋ ಕಲೀತಿದ್ವೇನೋ.

ಹಾಗಾಗಿ ನಮ್ಮ ವಾದ ಇಷ್ಟೇ: ಪ್ಲಾಸ್ಟಿಕ್ ಯಾವುದು ಅನ್ನೋದರ ಜೊತೆ ಅಕ್ಷರ ಹೇಗೆ ಕೂರಿಸಿದ್ದಾರೆ ಅಂತಲೂ ಕೇಳಿ. ಮೇಲೆ ಬರೀ ಮುದ್ರಿಸಿದ್ದು ಯಾವ ಪ್ಲಾಸ್ಟಿಕ್ ಆದ್ರೂ ಅಳಿಸುತ್ತೆ. ಡಬಲ್‌ಶಾಟ್‌ನಲ್ಲಿ ಅಕ್ಷರವೇ ಇನ್ನೊಂದು ಪ್ಲಾಸ್ಟಿಕ್, ಅಳಿಸೋ ಮಾತೇ ಇಲ್ಲ. ಆದ್ರೆ ಒಂದೊಂದು ಅಕ್ಷರಕ್ಕೂ ಬೇರೆ ಅಚ್ಚು ಬೇಕು. ಕನ್ನಡಕ್ಕೆ ನೂರಿನ್ನೂರು ಸೆಟ್ ಮಾಡಿಸೋರಿಗೆ ಆ ಖರ್ಚು ಗಿಟ್ಟಲ್ಲ. ಉಳಿಯೋದು ಡೈ ಸಬ್ಲಿಮೇಷನ್: ಬಿಸಿಗೆ ಬಣ್ಣ ಆವಿಯಾಗಿ ಪ್ಲಾಸ್ಟಿಕ್ಕಿನೊಳಗೇ ಇಳಿಯುತ್ತೆ. ಎಬಿಎಸ್ ಸುಮಾರು 105 ಡಿಗ್ರಿಗೇ ಮೆತ್ತಗಾಗುತ್ತೆ. ಪಿಬಿಟಿ ಕರಗೋದು ಸುಮಾರು 223 ಡಿಗ್ರಿಗೆ, ಆ ಬಿಸಿ ತಡೆಯುತ್ತೆ. ಸಾಮಾನ್ಯವಾಗಿ ತಿಳಿ ಬಣ್ಣದ ಕೀಲಿ ಮೇಲೆ ಗಾಢ ಅಕ್ಷರ ಬರುತ್ತೆ, ಅಷ್ಟು ಸಾಕಲ್ವಾ?

ಮುಂದಿನ ಸಲ ಲ್ಯಾಬಿಗೆ ಕೀಬೋರ್ಡ್ ತರಿಸುವಾಗ ಹತ್ತಾದರೂ ಇಂಥವು ಇರಲಿ ಅಂತ ಸಂಘದಿಂದ ಒಂದು ಮನವಿ ಕೊಡೋಣ. ಮನವಿಯನ್ನ ಕನ್ನಡದಲ್ಲೇ, ಕೀಲಿ ಒತ್ತಿಯೇ ಟೈಪ್ ಮಾಡ್ತೀವಿ. ನಿಧಾನ ಆಗುತ್ತೆ, ಆಗಲಿ.