ಒಂದೇ ಆಟಕ್ಕೆ 5.9, ಅದೇ ಆಟಕ್ಕೆ 93: ಇದರಲ್ಲಿ ಮೋಸ ಎಲ್ಲಿದೆ?

2014ರ ಅಕ್ಟೋಬರ್‌ನಲ್ಲಿ 'ಏಲಿಯನ್: ಐಸೊಲೇಶನ್' ಎಂಬ ವಿಡಿಯೊ ಗೇಮ್ ಬಂತು. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ತಯಾರಿಸಿದ ಆಟ, ಮಾರುಕಟ್ಟೆಗೆ ತಂದದ್ದು ಸೇಗಾ ಕಂಪನಿ. ಐಜಿಎನ್ ವೆಬ್‌ಸೈಟಿನ ವಿಮರ್ಶಕ ರಯಾನ್ ಮೆಕ್‌ಕ್ಯಾಫ್ರೀ ಅದಕ್ಕೆ ಹತ್ತಕ್ಕೆ 5.9 ಕೊಟ್ಟರು. ಪಿಸಿ ಗೇಮರ್ ಪತ್ರಿಕೆಯ ಆ್ಯಂಡಿ ಕೆಲ್ಲಿ ನೂರಕ್ಕೆ 93 ಕೊಟ್ಟರು. ಆ ಪತ್ರಿಕೆ ಅದನ್ನೇ ವರ್ಷದ ಆಟವೆಂದೂ ಆರಿಸಿತು. ಅಂದಿನಿಂದ ಇಂದಿನವರೆಗೂ ಅಭಿಮಾನಿಗಳು ಆ 5.9ರ ಮೇಲಿನ ಸಿಟ್ಟು ಬಿಟ್ಟಿಲ್ಲ. ಆಡಲು ಬಾರದವನು ಬರೆದದ್ದು ಎನ್ನುವವರಿದ್ದಾರೆ, ದುಡ್ಡು ತಿಂದು ಬರೆದದ್ದು ಎನ್ನುವವರೂ ಇದ್ದಾರೆ. 2024ರ ಅಕ್ಟೋಬರ್‌ನಲ್ಲಿ ಎರಡನೇ ಭಾಗ ತಯಾರಾಗುತ್ತಿದೆ ಎಂಬ ಪ್ರಕಟಣೆ ಬಂದದ್ದನ್ನೂ ಐಜಿಎನ್ ತಪ್ಪು ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಬಹುದು. ನಾವು ಈ ವಾದವನ್ನು ಒಪ್ಪುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರಿಡ್ಲಿ ಸ್ಕಾಟ್ ಅವರ 1979ರ 'ಏಲಿಯನ್' ಸಿನಿಮಾದ ಕಥೆ ನಡೆದ 15 ವರ್ಷಗಳ ನಂತರ ಇದು ನಡೆಯುತ್ತದೆ. ನಾಯಕಿ ರಿಪ್ಲಿಯ ಮಗಳು ಅಮಾಂಡಾ ತಾಯಿಯ ಸುಳಿವು ಹುಡುಕುತ್ತಾ ಒಂದು ಬಾಹ್ಯಾಕಾಶ ನಿಲ್ದಾಣಕ್ಕೆ ಬರುತ್ತಾಳೆ. ಅಲ್ಲಿ ಅನ್ಯಲೋಕದ ಪ್ರಾಣಿಯೊಂದಿದೆ, ಅದನ್ನು ಕೊಲ್ಲಲು ಆಗುವುದಿಲ್ಲ. ಬೆಂಕಿ ಉಗುಳುವ ಬಂದೂಕು ಹಿಡಿದರೂ ಅದು ಸ್ವಲ್ಪ ಹೊತ್ತು ದೂರ ಹೋಗುತ್ತದೆ, ಅಷ್ಟೇ. ಬೀರುವಿನೊಳಗೆ, ಮೇಜಿನ ಕೆಳಗೆ ಉಸಿರು ಬಿಗಿಹಿಡಿದು ಅಡಗಬೇಕು. ಬೇಕೆಂದಾಗ ಆಟವನ್ನು ಸೇವ್ ಮಾಡಿಕೊಳ್ಳುವ ಸೌಲಭ್ಯವೂ ಇಲ್ಲ. ಗೋಡೆಯಲ್ಲಿರುವ ಯಂತ್ರಕ್ಕೆ ಕಾರ್ಡ್ ಹಾಕಿ ಕೆಲವು ಸೆಕೆಂಡ್ ಕಾಯಬೇಕು, ಅಷ್ಟರಲ್ಲೇ ಅದು ಬಂದು ಮುಗಿಸಬಹುದು. ಸತ್ತರೆ ಹಿಂದಿನ ಸೇವ್‌ನಿಂದ ಮತ್ತೆ ಶುರು. ಗೆಲ್ಲುವುದಕ್ಕಿಂತ ಬದುಕಿ ಉಳಿಯುವುದೇ ಕೆಲಸವಾಗಿರುವ ಇಂಥ ಆಟಗಳಿಗೆ ಸರ್ವೈವಲ್ ಹಾರರ್ ಎನ್ನುತ್ತಾರೆ.

ಐಜಿಎನ್‌ನ ದೂರು ಏನಿತ್ತು? ಆಟ ಬಹಳ ಉದ್ದವಾಯಿತು, ಅಡಗುವುದು ಸಾಯುವುದು ಮತ್ತೆ ಮತ್ತೆ ನಡೆದು ಬೇಸರ ತರುತ್ತದೆ ಎಂದು. ಪಿಸಿ ಗೇಮರ್ ಮೆಚ್ಚಿದ್ದು ಪ್ರಾಣಿಯ ಊಹಿಸಲಾಗದ ನಡೆಯನ್ನು, ಅದು ಹುಟ್ಟಿಸುವ ಭಯವನ್ನು. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರೂ ಕಂಡದ್ದು ಅದೇ ಬೀರು, ಅದೇ ಪ್ರಾಣಿ, ಅದೇ ಸಾವು. ಒಬ್ಬರ ಮೈ ನಡುಗಿತು, ಇನ್ನೊಬ್ಬರಿಗೆ ಸಾಕಾಯಿತು. ಭಯವೆನ್ನುವುದು ಖಾರದ ಹಾಗೆ. ಗುಂಟೂರು ಮೆಣಸಿನಕಾಯಿ ಒಬ್ಬರ ಕಣ್ಣಲ್ಲಿ ನೀರು ತರಿಸುತ್ತದೆ, ಇನ್ನೊಬ್ಬರು ಅದನ್ನೇ ಕಚ್ಚಿಕೊಂಡು ರೊಟ್ಟಿ ತಿನ್ನುತ್ತಾರೆ. ಇದರಲ್ಲಿ ಯಾರ ನಾಲಿಗೆ ತಪ್ಪು?

ವಿಮರ್ಶೆ 'ವಸ್ತುನಿಷ್ಠ'ವಾಗಿರಬೇಕು ಎಂಬ ಕೂಗಿಗೆ ಇಲ್ಲೇ ಉತ್ತರ ಕೊಡಬೇಕು. ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ನಮಗೂ ಈ ಪದವನ್ನು ಅರೆದು ಕುಡಿಸಿದ್ದಾರೆ. ಸುದ್ದಿಗೆ ಅದು ಬೇಕೇ ಬೇಕು: ಅಪಘಾತದಲ್ಲಿ ಎಷ್ಟು ಜನ ಸತ್ತರು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗವಿಲ್ಲ. ಆದರೆ ಆಟ ಎಷ್ಟು ಜಿಬಿ ಇದೆ, ಯಾವ ಕಂಪ್ಯೂಟರಿನಲ್ಲಿ ಓಡುತ್ತದೆ ಎಂದು ಹೇಳುವುದಷ್ಟೇ ವಿಮರ್ಶೆಯಾದರೆ ಡಬ್ಬಿಯ ಹಿಂದಿನ ಅಕ್ಷರಗಳೇ ಸಾಕಲ್ಲ? ಅಭಿಪ್ರಾಯ ಬೇಕು ಎಂದೇ ನಾವು ವಿಮರ್ಶೆ ಓದುತ್ತೇವೆ. ಅದು ನಮ್ಮದಕ್ಕಿಂತ ಬೇರೆಯಾದ ಕೂಡಲೇ ಪೇಯ್ಡ್ ಎಂದು ಕೂಗುವವರಿಗೆ ಬೇಕಿರುವುದು ವಿಮರ್ಶಕನಲ್ಲ, ತಲೆಯಾಡಿಸುವ ಕೋಲೆ ಬಸವ.

ಭಿನ್ನಾಭಿಪ್ರಾಯಕ್ಕೆ ಹೆದರುವವರು ಸರಾಸರಿಯ ಮೊರೆ ಹೋಗುತ್ತಾರೆ. ಮೆಟಾಕ್ರಿಟಿಕ್ ಎಂಬ ವೆಬ್‌ಸೈಟ್ ಎಲ್ಲ ವಿಮರ್ಶೆಗಳ ಅಂಕ ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ. ಯಾವ ಪತ್ರಿಕೆಗೆ ಎಷ್ಟು ತೂಕ ಎಂಬ ಲೆಕ್ಕವನ್ನು ಅದು ಹೊರಗೆ ಬಿಡುವುದಿಲ್ಲ. ಅಲ್ಲಿ 'ಐಸೊಲೇಶನ್' ನಿಂತಿದ್ದು 80ರ ಆಸುಪಾಸಿನಲ್ಲಿ. 5.9 ಕೊಟ್ಟವರೂ 93 ಕೊಟ್ಟವರೂ ಆ 80ನ್ನು ತಮ್ಮದೆಂದು ಒಪ್ಪಲಾರರು. ಅತ್ತ ಬೇಸರವೂ ಇಲ್ಲದ ಇತ್ತ ನಡುಕವೂ ಇಲ್ಲದ ಆ ಅಂಕ ಓದುಗನಿಗೆ ಏನು ಹೇಳುತ್ತದೆ?

ಆ ಸಂಖ್ಯೆ ಜನರ ಹೊಟ್ಟೆಯ ಮೇಲೂ ಹೊಡೆಯುತ್ತದೆ. 'ಫಾಲ್‌ಔಟ್: ನ್ಯೂ ವೇಗಾಸ್' ಆಟ ಮಾಡಿದ ಆಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಒಂದು ಅಂಕಕ್ಕೆ ಬೋನಸ್ ತಪ್ಪಿತೆಂದು ಸಂಸ್ಥೆಯ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ವಿಮರ್ಶಕ ಓದುಗನಿಗಾಗಿ ಬರೆದ ಅಂಕ ಕೆಲಸಗಾರರ ಸಂಭಾವನೆಯ ತಕ್ಕಡಿ ಆಗಿಹೋಯಿತು. ಸಿಟ್ಟು ಬರಬೇಕಾದದ್ದು ಇಂಥ ಕಡೆ.

ನಿಜವಾದ ಒತ್ತಡ ಹೇಗಿರುತ್ತದೆ ಎಂಬುದಕ್ಕೂ ದಾಖಲೆಯಿದೆ. 2007ರಲ್ಲಿ ಗೇಮ್‌ಸ್ಪಾಟ್ ವೆಬ್‌ಸೈಟಿನ ಹಿರಿಯ ಸಂಪಾದಕ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್: ಡೆಡ್ ಮೆನ್' ಆಟಕ್ಕೆ ಹತ್ತಕ್ಕೆ 6 ಕೊಟ್ಟರು. ಅದೇ ಹೊತ್ತಿಗೆ ಆ ವೆಬ್‌ಸೈಟ್ ತುಂಬ ಆ ಆಟದ್ದೇ ಜಾಹೀರಾತು. ಅವರ ಕೆಲಸ ಹೋಯಿತು. ಜಾಹೀರಾತು ಹಿಂತೆಗೆಯುವ ಬೆದರಿಕೆಗೆ ಆಡಳಿತ ಮಂಡಳಿ ಬಗ್ಗಿತು ಎಂದು ಅವರು ಬಾಯಿಬಿಟ್ಟು ಹೇಳಲು ಸಾಧ್ಯವಾದದ್ದು 2012ರಲ್ಲಿ. ಗಮನಿಸಿ: ಒತ್ತಡ ಬಂದದ್ದು ಕಡಿಮೆ ಅಂಕ ಕೊಟ್ಟದ್ದಕ್ಕೆ. ದುಡ್ಡು ಕೊಟ್ಟು ತನ್ನ ಆಟಕ್ಕೇ 5.9 ಬರೆಸಿಕೊಳ್ಳುವ ಕಂಪನಿ ಎಲ್ಲಿದೆ?

ಜಿಲ್ಲೆ, ತಾಲ್ಲೂಕಿನಲ್ಲಿ ಸ್ಟ್ರಿಂಗರ್ ಕೆಲಸ ಮಾಡುವ ನಮಗೆ ಈ ಕಥೆ ದೂರದ ಅಮೆರಿಕದ್ದು ಅನ್ನಿಸುವುದಿಲ್ಲ. ವಿಶೇಷ ಪುರವಣಿ ಬಂದಾಗ ಸುದ್ದಿ ಬರೆಯುವವನೇ ಜಾಹೀರಾತಿಗೂ ಅಂಗಡಿ ಅಂಗಡಿ ಅಲೆಯಬೇಕು. ನಿನ್ನೆ ಅರ್ಧ ಪುಟ ಕೊಟ್ಟವರ ಬಗ್ಗೆ ಇಂದು ಹೇಗೆ ಬರೆಯುವುದು ಎಂಬ ಹಿಂಜರಿಕೆ ನಮ್ಮ ಪೈಕಿ ಹಲವರಿಗೆ ಗೊತ್ತು. ಆದ್ದರಿಂದಲೇ ಹೇಳುತ್ತೇವೆ: ಒಬ್ಬ ವಿಮರ್ಶಕ ಕಡಿಮೆ ಅಂಕ ಕೊಟ್ಟಾಗ ಅನುಮಾನ ಪಡುವುದಕ್ಕಿಂತ, ಎಲ್ಲರೂ ಒಂದೇ ದಿನ ಒಂದೇ ದನಿಯಲ್ಲಿ ಹೊಗಳಿದಾಗ ಅನುಮಾನ ಪಡಿ.

ಸಾವಿರಾರು ರೂಪಾಯಿ ಕೊಟ್ಟು ಆಟ ಕೊಳ್ಳುವ ಹುಡುಗ ಯಾರನ್ನು ನಂಬಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂಕ ಬಿಟ್ಟು ಬರಹ ಓದಲಿ ಎಂಬುದು ನಮ್ಮ ಉತ್ತರ. ಉದ್ದದ ಆಟ, ಪದೇ ಪದೇ ಸಾಯಬೇಕು ಎಂಬ ಐಜಿಎನ್ ದೂರು ಓದಿಯೇ, ಇದು ನನಗೆ ಹೇಳಿಮಾಡಿಸಿದ ಆಟ ಎಂದು ಒಬ್ಬರು ತೀರ್ಮಾನಿಸಬಹುದು. ದೂರಿಗೆ ಕಾರಣ ಕೊಟ್ಟ ವಿಮರ್ಶೆ ಒಪ್ಪದವರಿಗೂ ಉಪಯೋಗಕ್ಕೆ ಬರುತ್ತದೆ. ಕಾರಣ ಕೊಡದ ಹೊಗಳಿಕೆ ಯಾರಿಗೂ ಬರುವುದಿಲ್ಲ.

ಕನ್ನಡದಲ್ಲೂ ಈಗ ಯೂಟ್ಯೂಬ್‌ನಲ್ಲಿ ಗೇಮ್ ಆಡಿ ತೋರಿಸುವ, ಅಭಿಪ್ರಾಯ ಹೇಳುವ ಯುವಕರಿದ್ದಾರೆ. ಅವರನ್ನು ನಾವು ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಎಷ್ಟು ಗಂಟೆ ಆಡಿದಿರಿ? ಸುಲಭದ ಹಂತದಲ್ಲೋ, ಕಠಿಣದಲ್ಲೋ? ಆಟ ಕೊಂಡದ್ದೋ, ಕಂಪನಿ ಕೊಟ್ಟದ್ದೋ? ಆ ಕಂಪನಿಯ ಜಾಹೀರಾತು ನಿಮ್ಮಲ್ಲಿದೆಯೋ? ಈ ನಾಲ್ಕಕ್ಕೆ ನೇರ ಉತ್ತರ ಕೊಟ್ಟವರು ಆಮೇಲೆ ಎರಡೇ ಅಂಕ ಕೊಡಲಿ, ಒಂಬತ್ತೇ ಕೊಡಲಿ, ಅದು ಅವರ ಹಕ್ಕು. ಒಪ್ಪದಿದ್ದರೆ ನೀವೂ ಕಾರಣ ಕೊಟ್ಟು ಬರೆಯಿರಿ. ಬೈದು ಅವರ ಬಾಯಿ ಮುಚ್ಚಿಸಿದರೆ ಕೊನೆಗೆ ಕೇಳಲು ಉಳಿಯುವುದು ಕಂಪನಿಯ ಜಾಹೀರಾತು ಮಾತ್ರ.