ಮಗನ ಟ್ಯಾಬ್ ಬೇಡ, ಮನೆಯ ಟ್ಯಾಬ್ ಇರಲಿ



ಬೇಸಿಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಪೇಟೆಗಳಲ್ಲಿ ನೋಟ್‌ಬುಕ್ಕು, ಸಮವಸ್ತ್ರ, ಪಾಟಿಚೀಲಗಳ ಖರೀದಿ ಜೋರಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಟ್ಯಾಬ್ ಕೂಡ ಸೇರಿಕೊಂಡಿದೆ. ನೇಕಾರರ ಮನೆಯಲ್ಲಿ, ಒಕ್ಕಲುತನದ ಮನೆಯಲ್ಲಿ, ನೌಕರದಾರರ ಮನೆಯಲ್ಲಿ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: ಯಾವ ಟ್ಯಾಬ್ ಕೊಡಿಸಬೇಕು? ಈ ಪ್ರಶ್ನೆಗೆ ಉತ್ತರವಿದೆ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮನೆಗೆ ಬರುವ ಆ ಟ್ಯಾಬ್ ಯಾರದಾಗಬೇಕು? ಇದನ್ನು ನಿರ್ಧರಿಸಿದರೆ ಯಾವುದನ್ನು ಕೊಳ್ಳಬೇಕೆಂಬ ತೀರ್ಮಾನ ಅರ್ಧ ಆದಂತೆಯೇ ಎಂಬುದು ನಮ್ಮ ಅಭಿಪ್ರಾಯ.

2020ರ ಮಾರ್ಚಿನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಏಕಾಏಕಿ ಮೊಬೈಲಿನೊಳಗೆ ಹೋಯಿತು. ಮನೆಯಲ್ಲಿದ್ದ ಒಂದೇ ಮೊಬೈಲು ದುಡಿಯುವವರ ಕಿಸೆಯಲ್ಲಿತ್ತು. ಅಪ್ಪ ಕಲ್ಲಿನ ಕ್ವಾರಿಗೋ ಹೊಲಕ್ಕೋ ಹೊರಟರೆ ಪಾಠವೂ ಅವನ ಹಿಂದೆಯೇ ಹೊರಟುಹೋಗುತ್ತಿತ್ತು. ದುಡಿಮೆಗಾಗಿ ಗೋವೆಗೋ ಬೆಂಗಳೂರಿಗೋ ಗುಳೆ ಹೋದವರ ಮಕ್ಕಳು ಅಜ್ಜ ಅಜ್ಜಿಯರೊಡನೆ ಉಳಿದಿದ್ದರೆ ಅವರ ಪಾಡು ಇನ್ನೂ ಕಷ್ಟ. ಆ ಕಾಲದಲ್ಲಿ ಸರ್ಕಾರ ಶಿಕ್ಷಕರನ್ನೇ ಓಣಿಗಳಿಗೆ ಕಳಿಸುವ ವಿದ್ಯಾಗಮ ಕಾರ್ಯಕ್ರಮವನ್ನು ನಡೆಸಿತು. ಚಂದನ ವಾಹಿನಿಯಲ್ಲಿ ಪಾಠಗಳನ್ನು ಬಿತ್ತರಿಸಿತು. ಶಾಲೆಗಳು ಮತ್ತೆ ತೆರೆದರೂ ಮನೆಪಾಠ, ಅಭ್ಯಾಸದ ಹಾಳೆ, ಶಿಕ್ಷಕರ ಸೂಚನೆಗಳು ಬಹಳಷ್ಟು ಕಡೆ ವಾಟ್ಸ್‌ಆ್ಯಪ್‌ನಲ್ಲಿಯೇ ಉಳಿದುಕೊಂಡವು. ಮೊಬೈಲು ದುಡಿಯುವವರ ಸಾಧನ, ಅದು ಮನೆಯಿಂದ ಹೊರಹೋಗುವ ವಸ್ತು. ಟ್ಯಾಬ್ ಮನೆಯಲ್ಲಿ ಉಳಿಯುವ ವಸ್ತು. ಟ್ಯಾಬಿನ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ.

ಆದರೆ ಮನೆಯಲ್ಲಿ ಉಳಿದ ಮಾತ್ರಕ್ಕೆ ಅದು ಎಲ್ಲರ ಕೈಗೂ ಸಿಗುತ್ತದೆಯೇ? 2023ರ ಅಸರ್ ಸಮೀಕ್ಷೆಯು 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನು ಮಾತನಾಡಿಸಿತು. ಸುಮಾರು ಶೇ. 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದನ್ನು ಬಳಸಲು ಬಲ್ಲವರ ಪೈಕಿ ಗಂಡುಮಕ್ಕಳಲ್ಲಿ ಶೇ. 43.7ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ, ಹೆಣ್ಣುಮಕ್ಕಳಲ್ಲಿ ಇದ್ದದ್ದು ಶೇ. 19.8ರಷ್ಟು ಮಂದಿಗೆ ಮಾತ್ರ. ಮಗನ ಹೆಸರಿನಲ್ಲಿ ತಂದ ಟ್ಯಾಬ್ ಮಗಳ ಕೈಗೆ ಸಿಗುವುದು ಮುಸುರೆ, ರೊಟ್ಟಿ, ನೀರು ಎಲ್ಲ ಮುಗಿದ ಮೇಲೆ, ಬ್ಯಾಟರಿಯೂ ಮುಗಿಯುತ್ತ ಬಂದಾಗ. ಆದುದರಿಂದ ಕೊಳ್ಳುವ ದಿನವೇ ಅದು ಮನೆಯದೆಂದು ಗೊತ್ತುಮಾಡಬೇಕು. ಮುಂದಿನ ನಮ್ಮ ಸಲಹೆಗಳೆಲ್ಲ ಈ ಒಂದು ಮಾತನ್ನು ಹಿಡಿದು ಬಂದವು.

ಅಗ್ಗದ ಬೆಲೆಯನ್ನಷ್ಟೇ ನೋಡಿ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪಾಠವಿದೆ. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬನ್ನು ಬಿಡುಗಡೆ ಮಾಡಿತು. ಅದರ ಬೆಲೆ 2,200 ರೂಪಾಯಿಗಳಿಗೆ ತುಸು ಹೆಚ್ಚು. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂದು ಹೆಸರಾಯಿತು. ಆದರೆ ಏಳಿಂಚಿನ ಆ ಪರದೆ ಒತ್ತಿ ಒತ್ತಿ ಮುಟ್ಟಿದರೆ ಮಾತ್ರ ಸ್ಪಂದಿಸುತ್ತಿತ್ತು, ರ‍್ಯಾಮ್ ಬರೀ 256 ಎಂಬಿ ಇತ್ತು, ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು. ಆಶಯ ದೊಡ್ಡದಿದ್ದರೂ ಸಾಧನ ತಾಳಲಿಲ್ಲ. ಮುಂದೆ 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆಯನ್ನು ಆರಂಭಿಸಿತು. ಶಾಲಾ ಮಕ್ಕಳ ವಿಷಯದಲ್ಲಿ ಮಾತ್ರ ಕೊಳ್ಳುವ ಹೊಣೆ ಇಂದಿಗೂ ಬಹುಮಟ್ಟಿಗೆ ತಂದೆತಾಯಿಗಳದೇ.

ಹಾಗಾದರೆ ಮಗುವಿಗೆ ಟ್ಯಾಬಿನಿಂದ ಆಗಬೇಕಾದ ಕೆಲಸವೇನು? ಕರ್ನಾಟಕ ಪಠ್ಯಪುಸ್ತಕ ಸಂಘವು ಎಲ್ಲ ತರಗತಿಗಳ ಪುಸ್ತಕಗಳನ್ನೂ ತನ್ನ ಜಾಲತಾಣದಲ್ಲಿ ಉಚಿತವಾಗಿ ಇರಿಸಿದೆ. ಪಾಠಗಳ ಜೊತೆ ಮುದ್ರಿಸಿರುವ ಕ್ಯೂಆರ್ ಸಂಕೇತವನ್ನು ‘ದೀಕ್ಷಾ’ ಆ್ಯಪ್‌ನಲ್ಲಿ ತೋರಿಸಿದರೆ ಆ ಪಾಠದ ವಿಡಿಯೋ, ಅಭ್ಯಾಸಗಳು ತೆರೆಯುತ್ತವೆ. ಇಂಟರ್ನೆಟ್ ಇದ್ದಾಗ ಇಳಿಸಿಕೊಂಡು ಇಲ್ಲದಾಗ ನೋಡಲೂ ಬರುತ್ತದೆ. ಇವೆರಡಕ್ಕೆ ಸಾಧಾರಣ ಟ್ಯಾಬ್ ಸಾಕು. ಐದನೆಯ ತರಗತಿಯವರೆಗಿನ ಮಗುವಿಗೆ ಪ್ರತ್ಯೇಕ ಟ್ಯಾಬಿನ ಅಗತ್ಯ ನಮಗೆ ಕಾಣುವುದಿಲ್ಲ. ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಮಕ್ಕಳಿಗೆ ಅದು ಉಪಯುಕ್ತ. ಆದರೂ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳನ್ನು ಮಕ್ಕಳು ಇಂದಿಗೂ ಪೆನ್ನು ಹಿಡಿದು ಬರೆಯುತ್ತಾರೆ. ಪರದೆಯ ಮೇಲೆ ನೋಡಿದ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸದ ಹೊರತು ಅದು ಮಗುವಿನ ಸ್ವಂತದ್ದಾಗುವುದಿಲ್ಲ. ಗಣಕಯಂತ್ರದಲ್ಲಿಯೇ ನಡೆಯುವ ಜೆಇಇ ಮೇನ್‌ನಂತಹ ಪರೀಕ್ಷೆಗೆ ಸಿದ್ಧರಾಗುವವರ ಮಾತು ಬೇರೆ.

ಮನೆಯ ಉಳಿದವರಿಗೂ ಅದರಲ್ಲಿ ಪಾಲಿರಲಿ. ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ರೈತರು ತಮ್ಮ ಹೊಲದ ಬೆಳೆಯನ್ನು ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಿಸುವುದು, ಇಳಕಲ್ ಇಲ್ಲವೆ ಗುಳೇದಗುಡ್ಡದ ನೇಕಾರರು ಹೊಸ ಸೀರೆಯ, ಖಣದ ಚಿತ್ರವನ್ನು ದೂರದ ವ್ಯಾಪಾರಿಗೆ ಕಳಿಸುವುದು, ಅಜ್ಜಿ ಸಂಜೆ ಪ್ರವಚನ ಕೇಳುವುದು, ಇವೆಲ್ಲ ದೊಡ್ಡ ಪರದೆಯಲ್ಲಿ ಸುಲಭ.

ಈಗ ಯಾವುದನ್ನು ಕೊಳ್ಳಬೇಕೆಂಬ ಮಾತಿಗೆ ಬರೋಣ. ಇಳಕಲ್ ಸೀರೆ ಕೊಳ್ಳುವಾಗ ಸೆರಗನ್ನು ಮಗುಚಿ ನೋಡಿ, ಅಸಲಿ ರೇಷ್ಮೆಯೋ ಕೃತಕ ರೇಷ್ಮೆಯೋ ಎಂದು ಕೇಳಿ ತಿಳಿಯುವ ಜನ ನಾವು. ಟ್ಯಾಬ್ ಕೊಳ್ಳುವಾಗಲೂ ಅಷ್ಟೇ ಎಚ್ಚರ ಬೇಕು.

ಪರದೆ ಹತ್ತರಿಂದ ಹನ್ನೊಂದು ಇಂಚು ಇರಲಿ. ಎಂಟಿಂಚಿನ ಪರದೆಯಲ್ಲಿ ಪಠ್ಯಪುಸ್ತಕದ ಪುಟವನ್ನು ಪದೇ ಪದೇ ಹಿಗ್ಗಿಸಿ ಓದಬೇಕಾಗುತ್ತದೆ. ರ‍್ಯಾಮ್ ಕನಿಷ್ಠ 4 ಜಿಬಿ, ಸಾಧ್ಯವಾದರೆ 6 ಜಿಬಿ ಇರಲಿ. ಸಂಗ್ರಹ 64 ಜಿಬಿಗಿಂತ ಕಡಿಮೆ ಬೇಡ. ಮೆಮೊರಿ ಕಾರ್ಡ್ ಹಾಕಲು ಜಾಗವಿದ್ದರೆ ಪಾಠಗಳನ್ನು ಇಳಿಸಿಟ್ಟುಕೊಳ್ಳಲು ಅನುಕೂಲ. ಬ್ಯಾಟರಿ 7,000 ಎಂಎಎಚ್ ಇಲ್ಲವೆ ಅದಕ್ಕಿಂತ ಹೆಚ್ಚಿರಲಿ, ಚಾರ್ಜರ್ ಟೈಪ್-ಸಿ ಮಾದರಿಯದಾಗಿರಲಿ. ಆಗ ಮನೆಯ ಬೇರೆ ಮೊಬೈಲಿನ ವೈರು ಕೂಡ ಇದಕ್ಕೆ ಒದಗುತ್ತದೆ. ಈ ಗುಣಗಳಿರುವ ಆ್ಯಂಡ್ರಾಯ್ಡ್ ಟ್ಯಾಬುಗಳು ಸಾಮಾನ್ಯವಾಗಿ ಹನ್ನೆರಡು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿಗಳ ನಡುವೆ ದೊರೆಯುತ್ತವೆ. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಬರುತ್ತದೆ, ಪರದೆ ಒಡೆದರೆ ಬದಲಿಸಲು ಎಷ್ಟು ಖರ್ಚು, ದುರಸ್ತಿಗೆ ಯಾವ ಊರಿಗೆ ಹೋಗಬೇಕು ಎಂಬ ಮೂರು ಮಾತುಗಳನ್ನು ಹಣ ಕೊಡುವ ಮೊದಲೇ ಕೇಳಿ.

ವೈಫೈ ಮಾತ್ರ ಇರುವ ಟ್ಯಾಬ್ ತುಸು ಅಗ್ಗ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಅದೇ ಸಾಕು. ಆದರೆ ಅಪ್ಪನ ಮೊಬೈಲಿನ ಹಾಟ್‌ಸ್ಪಾಟನ್ನೇ ನೆಚ್ಚಿಕೊಂಡ ಮನೆಯಾದರೆ, ಅಪ್ಪ ಕೆಲಸಕ್ಕೆ ಹೊರಟ ಕೂಡಲೇ ಟ್ಯಾಬ್ ಮೂಕವಾಗುತ್ತದೆ. 2020ರ ಕಷ್ಟವೇ ಮರಳಿ ಬಂದಂತೆ. ಅಂತಹ ಮನೆಗಳಿಗೆ ಸಿಮ್ ಹಾಕುವ ಟ್ಯಾಬೇ ಸರಿ. ಜೊತೆಗೆ ತಿಂಗಳ ರಿಚಾರ್ಜಿನ ಖರ್ಚನ್ನು ಒಂದು ವರ್ಷಕ್ಕೆ ಲೆಕ್ಕ ಹಾಕಿ ಟ್ಯಾಬಿನ ಬೆಲೆಗೆ ಕೂಡಿಸಿ ನೋಡಬೇಕು.

ಐಪ್ಯಾಡ್ ಬಾಳಿಕೆಯಲ್ಲಿ ಒಳ್ಳೆಯದು, ಅದಕ್ಕೆ ಹಲವು ವರ್ಷ ಅಪ್‌ಡೇಟ್ ಬರುತ್ತದೆ. ಆದರೆ ಬೆಲೆ ಮೂವತ್ತು ಸಾವಿರ ರೂಪಾಯಿಗಳ ಆಚೆ. ಅಲ್ಲದೆ ಮನೆಬಳಕೆಯ ಐಪ್ಯಾಡಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ತೆರೆಯಲು ಬರುವುದಿಲ್ಲ. ಅನೇಕ ಆ್ಯಂಡ್ರಾಯ್ಡ್ ಟ್ಯಾಬುಗಳಲ್ಲಿ ಆ ಸೌಲಭ್ಯವಿದೆ. ಮಗನಿಗೊಂದು, ಮಗಳಿಗೊಂದು, ಹಿರಿಯರಿಗೊಂದು ಖಾತೆ ಮಾಡಿ ಪ್ರತಿಯೊಂದಕ್ಕೂ ಬೇರೆ ಗುಪ್ತಸಂಖ್ಯೆ ಇಡಬಹುದು. ಮಗಳ ಟಿಪ್ಪಣಿಯನ್ನು ತಮ್ಮ ಅಳಿಸಲಾರ, ಅಪ್ಪನ ವ್ಯವಹಾರವನ್ನು ಮಕ್ಕಳು ಮುಟ್ಟಲಾರರು. ಮನೆಯ ಟ್ಯಾಬ್ ಎಂಬ ಮಾತಿಗೆ ಅರ್ಥ ಬರುವುದು ಈ ಸೌಲಭ್ಯದಿಂದ. ಆದ್ದರಿಂದ ಅಂಗಡಿಯಲ್ಲಿಯೇ ಸೆಟ್ಟಿಂಗ್ಸ್ ತೆರೆಯಿಸಿ ಅದು ಇದೆಯೇ ಎಂದು ನೋಡಿ.

ಕನ್ನಡವನ್ನೂ ಅಲ್ಲಿಯೇ ಪರೀಕ್ಷಿಸಿ. ಕೃಷ್ಣಾ, ಐಹೊಳೆ, ಜ್ಞಾನ, ವಿದ್ಯಾರ್ಥಿ ಎಂಬ ಪದಗಳನ್ನು ಮಗುವಿನ ಕೈಯಿಂದಲೇ ಬರೆಯಿಸಿ. ಮಗುವಿನ ತರಗತಿಯ ಪುಸ್ತಕದ ಒಂದು ಪುಟವನ್ನು ತೆರೆಯಿಸಿ. ಶಿಕ್ಷಕರು ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಟಿಪ್ಪಣಿಗಳು ಟ್ಯಾಬಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದುಂಟು. ಅದು ಟ್ಯಾಬಿನ ದೋಷವಲ್ಲ. ಯೂನಿಕೋಡ್‌ಗೆ ಬದಲಿಸಿಯೋ ಪಿಡಿಎಫ್ ಮಾಡಿಯೋ ಕಳಿಸಿರೆಂದು ಶಿಕ್ಷಕರಲ್ಲಿ ವಿನಂತಿಸಿಕೊಂಡರೆ ಸಾಕು. ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ತಾಳೆ ನೋಡಬಹುದು. ಬಳಸಿದ ಟ್ಯಾಬ್ ಕೊಳ್ಳುವುದಾದರೆ ಹಳೆಯ ಒಡೆಯರ ಗೂಗಲ್ ಖಾತೆಯನ್ನು ತೆಗೆಸಿ, ಮೂಲ ಬಿಲ್ಲನ್ನು ಪಡೆದು ಕೊಳ್ಳಿ. ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿಯನ್ನು ಮುಟ್ಟುತ್ತದೆ. ತಗಡಿನ ಮಾಡಿನ ಕೆಳಗೆ, ಹಾಸಿಗೆಯ ಮೇಲೆ ಇಟ್ಟು ಚಾರ್ಜ್ ಮಾಡಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ತಂಪಾದ ಕಟ್ಟೆಯ ಮೇಲಿಡುವುದು ಲೇಸು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಟ್ಯಾಬಿನ ಜೊತೆ ಎರಡು ಮೂರು ವರ್ಷಗಳ ಪಾಠವನ್ನೂ ಸೇರಿಸಿ ಕಂತಿನ ಮೇಲೆ ಮಾರುವವರು ಮನೆಬಾಗಿಲಿಗೇ ಬರುತ್ತಾರೆ. ತಿಳಿಯದೆ ಸಾಲಪತ್ರಕ್ಕೆ ಸಹಿ ಮಾಡಬೇಡಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಒಪ್ಪಿಗೆ ಕೊಡಬೇಡಿ ಎಂಬರ್ಥದ ಸಲಹೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿಯೇ ಪ್ರಕಟಿಸಿದೆ. ದೇಶದಲ್ಲಿ ದೊಡ್ಡ ಹೆಸರು ಮಾಡಿದ್ದ ಬೆಂಗಳೂರಿನ ಬೈಜೂಸ್ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಷ್ಟು ದೊಡ್ಡ ಕಂಪನಿಯೇ ಎಡವಬಹುದಾದಾಗ, ವರ್ಷಗಟ್ಟಲೆ ಮುಂದಿನ ಪಾಠಕ್ಕೆ ಇಂದೇ ಸಾಲ ಮಾಡುವುದು ಜಾಣತನವಲ್ಲ. ಶೂನ್ಯ ಬಡ್ಡಿಯ ಕಂತು ಎಂಬ ಫಲಕವನ್ನು ಕಂಡರೂ ಒಟ್ಟು ಕಟ್ಟಬೇಕಾದ ಮೊತ್ತವನ್ನು ಬರೆದು ಕೊಡಲು ಹೇಳಿ. ಶೂನ್ಯ ಬಡ್ಡಿ ಎಂಬುದು ಇರಲು ಸಾಧ್ಯವಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಹೇಳಿದೆ.

ಕೊಳ್ಳಲು ಆಗದವರು ನೊಂದುಕೊಳ್ಳಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ, ಹಲವೆಡೆ ಗಣಕಯಂತ್ರಗಳೂ ಇವೆ. ನಿಮ್ಮ ಊರಿನ ಕೇಂದ್ರ ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ವಿಚಾರಿಸಿ, ಮಕ್ಕಳನ್ನು ಕಳಿಸಿ. ಒಂದೇ ಓಣಿಯ ಎರಡು ಮೂರು ಮನೆಯವರು ಕೂಡಿ ಒಂದು ಟ್ಯಾಬ್ ಕೊಂಡು, ಮಕ್ಕಳನ್ನು ಒಂದೆಡೆ ಕೂರಿಸಿ ಓದಿಸುವುದೂ ಒಳ್ಳೆಯ ಮಾರ್ಗವೇ. ಕೂಡಿ ಓದುವ ಮಕ್ಕಳು ಒಬ್ಬರನ್ನೊಬ್ಬರು ಕೇಳಿ ಕಲಿಯುತ್ತಾರೆ.

ಟ್ಯಾಬ್ ಮನೆಗೆ ಬಂದ ಮೇಲಿನ ಶಿಸ್ತು ಕೊಳ್ಳುವುದಕ್ಕಿಂತಲೂ ಮಹತ್ವದ್ದು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಧನವನ್ನಲ್ಲ, ಧಾನ್ಯವನ್ನಲ್ಲ. ಜನರ ಕುಡಿತ, ತಂಬಾಕಿನ ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಮಹಾಂತ ಜೋಳಿಗೆ ಕಲಿಸಿದ ಪಾಠವೆಂದರೆ, ಚಟವನ್ನು ಬೈದು ಬಿಡಿಸಲು ಬರುವುದಿಲ್ಲ, ಮನುಷ್ಯನೇ ತಾನಾಗಿ ತೆಗೆದು ಹಾಕಬೇಕು. ಪರದೆಯ ಚಟವೂ ಹಾಗೆಯೇ. ಮಗುವಿನ ಕೈಯಿಂದ ಟ್ಯಾಬ್ ಕಿತ್ತುಕೊಳ್ಳುವ ಅಪ್ಪ ಊಟದ ತಾಟಿನ ಮುಂದೆ ತಾನೇ ರೀಲ್ಸ್ ನೋಡುತ್ತ ಕುಳಿತಿದ್ದರೆ, ಮಗು ಕಲಿಯುವುದು ಅಪ್ಪನ ಮಾತನ್ನಲ್ಲ, ಅಪ್ಪನ ನಡೆಯನ್ನು. ಜೋಳಿಗೆಗೆ ಮೊದಲು ಹಾಕಬೇಕಾದವರು ಹಿರಿಯರು.

ಎಷ್ಟು ಹೊತ್ತು ನೋಡಬಹುದೆಂಬುದಕ್ಕೆ ಅಳತೆಗಳಿವೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ತಾಸನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು, ಒಂದು ವರ್ಷದೊಳಗಿನ ಕೂಸಿಗೆ ಪರದೆ ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ‘ಪ್ರಜ್ಞತಾ’ ಮಾರ್ಗಸೂಚಿಯು ಆನ್‌ಲೈನ್ ಪಾಠಕ್ಕೆ ಒಂದರಿಂದ ಎಂಟನೆಯ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ, ಒಂಬತ್ತರಿಂದ ಹನ್ನೆರಡನೆಯ ತರಗತಿಗೆ ನಾಲ್ಕು ಅವಧಿ ಮೀರಬಾರದೆಂದು ಗೊತ್ತುಮಾಡಿತ್ತು. ಮಕ್ಕಳ ಖಾತೆಗೆ ಫ್ಯಾಮಿಲಿ ಲಿಂಕ್ ಜೋಡಿಸಿದರೆ ಈ ಮಿತಿಯನ್ನು ಟ್ಯಾಬಿನಲ್ಲಿಯೇ ಹೊಂದಿಸಬಹುದು, ಹೊಸ ಆ್ಯಪ್ ಹಾಕುವ ಮುನ್ನ ತಂದೆತಾಯಿಗಳ ಒಪ್ಪಿಗೆ ಬೇಕಾಗುವಂತೆ ಮಾಡಬಹುದು. ಮಕ್ಕಳ ಖಾತೆಯಲ್ಲಿ ಹಣ ಪಾವತಿಯ ಆ್ಯಪ್ ಇರಕೂಡದು. ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯ ಮೂಲಕ ನಿಷೇಧಿಸಿದೆಯಾದರೂ, ಮನೆಯ ಕಾವಲಿಗೆ ಅದು ಬದಲಿಯಾಗದು.

ಕೊನೆಯದಾಗಿ ಕೆಲವು ಕಟ್ಟುಪಾಡುಗಳನ್ನು ಸೂಚಿಸುತ್ತೇವೆ. ಟ್ಯಾಬಿನ ಜಾಗ ಪಡಸಾಲೆ. ಮಲಗುವ ಕೋಣೆಗೆ ಅದು ಹೋಗಬಾರದು. ರಾತ್ರಿ ಊಟದ ಹೊತ್ತಿಗೆ ಅದು ಅವ್ವನ ವಶಕ್ಕೆ ಬರಬೇಕು. ಯಾವ ಮಗುವಿಗೆ ಯಾವ ತಾಸು ಎಂಬುದನ್ನು ಬರೆದು ಗೋಡೆಗೆ ಅಂಟಿಸಬೇಕು. ಆ ಪಟ್ಟಿಯಲ್ಲಿ ಮಗಳ ಹೆಸರು ಮಗನ ಹೆಸರಿನಷ್ಟೇ ದೊಡ್ಡದಾಗಿ, ಅವನಿಗಿದ್ದಷ್ಟೇ ಹೊತ್ತಿನೊಡನೆ, ಮನಸ್ಸು ಹಗುರವಾಗಿರುವ ಬೆಳಗಿನ ಇಲ್ಲವೆ ಸಂಜೆಯ ವೇಳೆಯಲ್ಲಿ ಇರಬೇಕು. ಆ ತಾಸಿನಲ್ಲಿ ಅವಳನ್ನು ರೊಟ್ಟಿ ಬಡಿಯಲು, ನೀರು ತರಲು ಕರೆಯಬಾರದು. ಬೇಕಿದ್ದರೆ ಆ ಹೊತ್ತಿನಲ್ಲಿ ಮಗನೇ ನೀರು ತರಲಿ. ಹೆಣ್ಣು ಗಂಡೆಂಬ ಭೇದವನ್ನು ಒಪ್ಪದ ಶರಣರ ಮಾತನ್ನು ವೇದಿಕೆಯ ಮೇಲೆ ಆಡುವ ನಾವು, ಅದನ್ನು ನಮ್ಮ ಪಡಸಾಲೆಯ ಗೋಡೆಯ ಮೇಲೂ ಬರೆದುಕೊಳ್ಳೋಣ.